3 ಮಿ.ಮೀ. ಪಂಚ್ ಚಲೋ ಐತಿ, ಜೊತೆಗೆ ಕೊಡುವ ಫಾರ್ಮಲಿನ್ ಬ್ಯಾಡ

ಹುಬ್ಬಳ್ಳಿಯ ಸರ್ಜಿಕಲ್ ಅಂಗಡಿಯಲ್ಲಿ ‘ಸ್ಕಿನ್ ಬಯಾಪ್ಸಿ ಸೆಟ್’, ಅಂದರೆ ಪರೀಕ್ಷೆಗೆ ಚರ್ಮದ ಚೂರು ತೆಗೆಯುವ ಸಾಮಾನು, ಕೇಳಿದರೆ ಸಾಮಾನ್ಯವಾಗಿ ಸಿಗುವುದು ಬಳಸಿ ಬಿಸಾಡುವ 3 ಮಿ.ಮೀ. ಪಂಚ್ (ದುಂಡು ಅಲಗಿನ ಕೊರೆಯುವ ಸಾಧನ), ಸಣ್ಣ ಕತ್ತರಿ, ಚೂರು ಕೆಡದಂತೆ ಇಡುವ ಒಂದು ಡಬ್ಬಿ ಫಾರ್ಮಲಿನ್. ಗಂಟು, ಕಲೆ, ಕುಷ್ಠದ ಅನುಮಾನ ಇದ್ದಲ್ಲಿ ಅಷ್ಟು ಸಾಕು. ಸರ್ಪಸುತ್ತು ಒಣಗಿ ಮೂರು ತಿಂಗಳಾದರೂ ‘ಅಂಗಿ ತಾಗಿದ್ರ ಸಾಕು, ಬೆಂಕಿ ಹತ್ತಿದಂಗ ಆಗ್ತದ’ ಅನ್ನುವವರ ಚರ್ಮದಲ್ಲಿ ನರದ ಎಳೆ ಎಣಿಸಲು ಈ ಸೆಟ್ ಸಾಲದು.

ಪಂಚ್ ಬಗ್ಗೆ ತಕರಾರಿಲ್ಲ. ಹೊಸ ಅಲಗು ಚರ್ಮಕ್ಕೆ ನೆಟ್ಟಗೆ ಹಿಡಿದು ಒಂದೇ ದಿಕ್ಕಿಗೆ ತಿರುಗಿಸಿದರೆ 3–4 ಮಿ.ಮೀ. ಆಳಕ್ಕೆ ಸಲೀಸಾಗಿ ಇಳಿಯುತ್ತದೆ. ಅತ್ತಿತ್ತ ತಿರುಗಿಸಿದರೆ ಮೇಲ್ಪದರ ಕಿತ್ತುಬರುತ್ತದೆ. ಎಣಿಸಬೇಕಾದ ಎಳೆಗಳು ಇರುವುದೇ ಆ ಪದರದಲ್ಲಿ. ಹಾಗಾಗಿ ಚೂರನ್ನು ಚಿಮಟದಿಂದ ಹಿಸುಕದೆ ಸೂಜಿಯ ತುದಿಯಲ್ಲಿ ಎತ್ತಿ, ಬುಡ ಕತ್ತರಿಸಬೇಕು. ಮುಟ್ಟಿದರೇ ಉರಿಯುವ ಜಾಗವಾದ್ದರಿಂದ ಮರಗಟ್ಟಿಸಲು 30 ಗೇಜ್‌ನ ತೀರಾ ಸಣ್ಣ ಸೂಜಿ ಬಳಸಿ, ಲಿಗ್ನೋಕೇನ್ ನಿಧಾನ ಬಿಡಿ. ಹೊಲಿಗೆ ಬೇಕಿಲ್ಲ, ಒತ್ತಿ ಹಿಡಿದು ಪಟ್ಟಿ ಹಾಕಿದರೆ ಆಯಿತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು.

ಸೆಟ್ ಕೈಕೊಡುವುದು ಡಬ್ಬಿಯಲ್ಲಿ. ಫಾರ್ಮಲಿನ್‌ನಲ್ಲಿ ಎಳೆಗಳು ತುಂಡುತುಂಡಾಗಿ ಕಾಣುತ್ತವೆ, ಎಣಿಕೆ ತಪ್ಪುತ್ತದೆ. ಬೇಕಾದದ್ದು ಎಳೆಗಳನ್ನು ಹಾಗೇ ಉಳಿಸುವ ಪಿಎಲ್‌ಪಿ ಅಥವಾ ಝಂಬೋನಿ ಎಂಬ ದ್ರಾವಣ. ಪಿಎಲ್‌ಪಿಯಲ್ಲಾದರೆ 4 ಡಿಗ್ರಿಯಲ್ಲಿ ಒಂದು ದಿನದೊಳಗೆ ಇಟ್ಟು, ಆಮೇಲೆ ಹಿಮದಿಂದ ಕಾಪಾಡುವ ದ್ರಾವಣಕ್ಕೆ ಹಾಕಬೇಕು. ಲ್ಯಾಬ್‌ನಲ್ಲಿ 50 ಮೈಕ್ರಾನ್ ದಪ್ಪಕ್ಕೆ ಕೊಯ್ದು, ನರದ ಎಳೆಯಲ್ಲಿರುವ ಪಿಜಿಪಿ 9.5 ಎಂಬ ಪ್ರೋಟೀನಿಗೆ ಬಣ್ಣ ಹತ್ತಿಸಿ, ಮೇಲ್ಪದರಕ್ಕೆ ದಾಟಿದ ಎಳೆಗಳನ್ನು ಎಣಿಸುತ್ತಾರೆ. ದ್ರಾವಣವನ್ನು ಪರೀಕ್ಷೆ ಮಾಡುವ ಲ್ಯಾಬ್‌ನಿಂದಲೇ ಮುಂಚಿತವಾಗಿ ತರಿಸಿಕೊಳ್ಳಿ.

ಬೆಂಗಳೂರಿಗೆ ಕಳಿಸುವುದಾದರೆ ಸೋಮವಾರದಿಂದ ಬುಧವಾರದೊಳಗೆ ಚೂರು ತೆಗೆಯಿರಿ. ಶುಕ್ರವಾರ ಸಂಜೆ ತೆಗೆದದ್ದು ಭಾನುವಾರವೆಲ್ಲ ಕೊರಿಯರ್ ಗೋದಾಮಿನಲ್ಲೇ ಉಳಿಯಬಹುದು. ಐಸ್ ಗಡ್ಡೆಗೆ ಡಬ್ಬಿ ನೇರ ತಾಗಬಾರದು, ನಡುವೆ ಬಟ್ಟೆಯ ಮಡಿಕೆ ಇರಲಿ. ಹೆಪ್ಪುಗಟ್ಟಿದರೆ ಹಿಮದ ಹರಳು ಚರ್ಮವನ್ನು ಸೀಳುತ್ತದೆ.

ಎರಡೇ ಚೂರು, ಅಂದರೆ ನೋವಿನ ಜಾಗದ್ದು ಮತ್ತು ಅದೇ ಮಟ್ಟದ ಎದುರು ಬದಿಯದು, ಸಾಕೆಂಬುದನ್ನು ನಾವು ಒಪ್ಪುವುದಿಲ್ಲ. ನರರೋಗ ತಜ್ಞೆ ಆನ್ ಲೂಯಿಸ್ ಓಕ್ಲ್ಯಾಂಡರ್ ತಂಡ 1998ರಲ್ಲೇ ತೋರಿಸಿದಂತೆ, ಒಂದೇ ಬದಿಗೆ ಸರ್ಪಸುತ್ತು ಆಗಿ ನೋವು ಉಳಿದವರಲ್ಲಿ ಎದುರು ಬದಿಯ ಎಳೆಗಳೂ ಕಡಿಮೆಯಾಗಿರುತ್ತವೆ. ಹೋಲಿಕೆಗೆ ಹಿಡಿದ ಜಾಗವೇ ಸೊರಗಿದ್ದರೆ ಹೋಲಿಸುವುದು ಯಾವುದಕ್ಕೆ? ರೋಗ ಮುಟ್ಟದ ದೂರದ ಜಾಗದಿಂದ ಮೂರನೆಯದು ಬೇಕೇ ಬೇಕು.

ಯಾರು ದುಡ್ಡು ಹಾಕಬೇಕು? ಗುಳ್ಳೆ ಎದ್ದದ್ದು ಗೊತ್ತಿದ್ದು, ನೋವು ಗುಳ್ಳೆ ಎದ್ದ ಜಾಗದಲ್ಲೇ ಇದ್ದರೆ ರೋಗ ಹೆಸರಿಸಲು ಬಯಾಪ್ಸಿಯೇ ಬೇಡ. ನರದ ನೋವಿಗೆ ಗ್ಯಾಬಾಪೆಂಟಿನ್, ಅಮಿಟ್ರಿಪ್ಟಿಲೀನ್, ಲಿಗ್ನೋಕೇನ್ ಪಟ್ಟಿ ಕೊಡುವುದು ಎಣಿಕೆ ನೋಡಿ ಅಲ್ಲ. ಗದಗ, ಹಾವೇರಿಯಿಂದ ಬಸ್ ಹತ್ತಿ ಬರುವ ವಯಸ್ಸಾದವರನ್ನು ಇದಕ್ಕೆಂದು ಅಲೆಸಬೇಡಿ. ಸಂಶೋಧನೆಗೆ, ಅಥವಾ ಉರಿಯ ಮೂಲ ತಿಳಿಯದಿದ್ದಾಗ ಈ ಪರೀಕ್ಷೆಗೆ ಬೆಲೆ ಇದೆ.

ಡಬ್ಬಿಗಳ ಚೀಟಿಯಲ್ಲಿ ‘ನೋವಿನ ಜಾಗ’, ‘ಎದುರು ಬದಿ’, ‘ದೂರದ ಜಾಗ’ ಎಂದು ಪೆನ್ಸಿಲ್‌ನಲ್ಲೇ ಬರೆಯಿರಿ. ತೇವಕ್ಕೆ ಶಾಯಿ ಅಳಿಸಿದರೆ ಅಕ್ಕಿಕಾಳಿನಷ್ಟಿರುವ ಮೂರೂ ಚೂರು ನೋಡಲು ಒಂದೇ ಥರ.