ಒಂದು ಸಂಪರ್ಕ, ಎರಡು ದಾರಿ: ಮಲ್ಟಿಪಾತ್ ಟಿಸಿಪಿಯೊಂದಿಗೆ ಮೂರು ವರ್ಷ

ವೈಫೈನಿಂದ ಮೊಬೈಲ್ ಡೇಟಾಗೆ ಹೊರಳಿದಾಗಲೆಲ್ಲ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರನ್ನು ಟರ್ಮಿನಲ್‌ನಿಂದ ನಡೆಸುವ ಸುರಕ್ಷಿತ ಸಂಪರ್ಕ) ಸೆಷನ್ ಕಡಿದುಹೋಗುವುದಕ್ಕೆ ಬೇಸತ್ತು ನಾನು ಮಲ್ಟಿಪಾತ್ ಟಿಸಿಪಿ ಬಳಸತೊಡಗಿದೆ. ಅಂತರ್ಜಾಲದಲ್ಲಿ ಡೇಟಾವನ್ನು ಕ್ರಮವಾಗಿ ತಲುಪಿಸುವ ನಿಯಮಾವಳಿಯಾದ ಸಾಮಾನ್ಯ ಟಿಸಿಪಿಯು ಸಂಪರ್ಕವನ್ನು ಗುರುತಿಸುವುದೇ ಎರಡು ತುದಿಗಳ ಐಪಿ ವಿಳಾಸ ಹಾಗೂ ಪೋರ್ಟ್‌ಗಳಿಂದಾದ್ದರಿಂದ, ವಿಳಾಸ ಬದಲಾದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಮಲ್ಟಿಪಾತ್‌ನಲ್ಲಿ ಒಂದೇ ಸಂಪರ್ಕದಡಿ ಹಲವು ಸಬ್‌ಫ್ಲೋಗಳು, ಅಂದರೆ ಬೇರೆ ಬೇರೆ ದಾರಿಯ ಉಪಸಂಪರ್ಕಗಳು ಇದ್ದು, ಒಂದು ಸತ್ತರೂ ಉಳಿದದ್ದರ ಮೇಲೆ ಮಾತುಕತೆ ಮುಂದುವರಿಯುತ್ತದೆ.

ಸರ್ವರ್ ಕಡೆ ಕೆಲಸ ಕಡಿಮೆ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಇದು ಮುಖ್ಯ ಕರ್ನಲ್‌ನಲ್ಲೇ (ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲೇ) ಇದೆ. ಪ್ರೋಗ್ರಾಂ ಸಾಕೆಟ್ (ಜಾಲಸಂಪರ್ಕದ ತುದಿ) ತೆರೆಯುವಾಗ ಪ್ರೋಟೊಕಾಲ್ ಸಂಖ್ಯೆ 262 ಎಂದು ಕೇಳಬೇಕು, ಹಳೆಯ ಪ್ರೋಗ್ರಾಂಗಳಿಗೆ 'ಎಂಪಿಟಿಸಿಪೈಜ್' ಎಂಬ ಹೊದಿಕೆ ಪ್ರೋಗ್ರಾಂ ಸಾಕು. ಗೋ ಭಾಷೆಯ 1.24ನೇ ಆವೃತ್ತಿಯಲ್ಲಂತೂ ಸರ್ವರ್‌ಗಳಿಗೆ ಇದು ತಾನಾಗಿಯೇ ಚಾಲೂ ಆಗಿರುತ್ತದೆ. ಫೋನ್‌ಗಳ ವಿಷಯ ಹಾಗಲ್ಲ. ಆಪಲ್ 2013ರಲ್ಲೇ ಐಒಎಸ್ 7ರ ಸಿರಿಗೆ ಇದನ್ನು ಬಳಸಿ, ಐಒಎಸ್ 11ರಲ್ಲಿ ಉಳಿದ ಆ್ಯಪ್‌ಗಳಿಗೂ ತೆರೆದಿಟ್ಟಿತು. ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಆ ಅವಕಾಶವಿಲ್ಲದ ಕಾರಣ ಅದನ್ನು ಯುಎಸ್‌ಬಿ ಮೂಲಕ ಲ್ಯಾಪ್‌ಟಾಪ್‌ಗೆ ಎರಡನೆಯ ದಾರಿಯಾಗಿ ಜೋಡಿಸಿದ್ದೇನೆ.

ನನ್ನನ್ನು ನಿಜವಾಗಿ ಕಾಡಿದ್ದು ಲೋಡ್ ಬ್ಯಾಲೆನ್ಸರ್, ಅಂದರೆ ಬರುವ ಸಂಪರ್ಕಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ. ಅದರ ಹಿಂದೆ ಎರಡು ಸರ್ವರ್‌ಗಳಿದ್ದವು. ಮೊದಲ ಸಬ್‌ಫ್ಲೋ ಒಂದಕ್ಕೆ ಹೋದರೆ, ಬೇರೆ ವಿಳಾಸದಿಂದ ಬಂದ ಎರಡನೆಯದು ಇನ್ನೊಂದಕ್ಕೆ ಹೋಗುತ್ತಿತ್ತು, ಆ ಸರ್ವರ್‌ಗೆ ಟೋಕನ್ನಿನ (ಸಬ್‌ಫ್ಲೋ ಯಾವ ಸಂಪರ್ಕಕ್ಕೆ ಸೇರಿದ್ದೆಂದು ಹೇಳುವ ಸಂಖ್ಯೆಯ) ಗುರುತೇ ಇಲ್ಲದ್ದರಿಂದ ರೀಸೆಟ್ ಕಳಿಸಿ ಅದನ್ನು ಕಡಿಯುತ್ತಿತ್ತು. ವೈಫೈ ಇರುವಷ್ಟು ಹೊತ್ತು ಎಲ್ಲವೂ ಸರಿಯಾಗಿಯೇ ಕಾಣುತ್ತಿದ್ದುದರಿಂದ ಈ ದೋಷ ನನಗೆ ತಿಳಿಯಲು ವಾರಗಳೇ ಹಿಡಿದವು. ಕೊನೆಗೆ ಪ್ರತಿ ಸರ್ವರೂ ತನ್ನ ಸ್ವಂತ ವಿಳಾಸವನ್ನು ಸಾರುವಂತೆ, ಮೊದಲಿನ ವಿಳಾಸಕ್ಕೆ ಮತ್ತೆ ಸೇರಬೇಡವೆಂದು ಕ್ಲೈಂಟ್‌ಗೆ ತಿಳಿಸುವಂತೆ ಹೊಂದಿಸಿದೆ. ಆಮೇಲೂ ಕೆಲಸವಾಗಲಿಲ್ಲ, ಸಾರಿದ ವಿಳಾಸಗಳನ್ನು ಎಷ್ಟರ ಮಟ್ಟಿಗೆ ಒಪ್ಪಬೇಕೆಂಬ ಮಿತಿ ಲ್ಯಾಪ್‌ಟಾಪ್‌ನಲ್ಲಿ ಸೊನ್ನೆಯಾಗಿತ್ತು!

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಮೊಬೈಲ್ ದಾರಿಗೆ 'ಬ್ಯಾಕಪ್' (ಇನ್ನೊಂದು ದಾರಿ ಕೆಟ್ಟಾಗ ಮಾತ್ರ ಬಳಸು ಎಂಬ) ಗುರುತು ಹಾಕಲು ಮರೆತು ದೊಡ್ಡ ಫೈಲೊಂದನ್ನು ಏರಿಸಿದಾಗ, ಕರ್ನಲ್ ಎರಡೂ ದಾರಿಗಳನ್ನು ಧಾರಾಳವಾಗಿ ಬಳಸಿ ಆ ದಿನದ ಡೇಟಾವನ್ನು ಬರಿದು ಮಾಡಿತು. ವೇಗ ಹೆಚ್ಚುತ್ತದೆಂಬ ಆಸೆಯಿಂದ ಇದನ್ನು ಹಾಕಿಕೊಳ್ಳುವವರಿಗೂ ನನ್ನ ಶಿಫಾರಸು ಇಲ್ಲ, ಏಕೆಂದರೆ ಎರಡು ದಾರಿಗಳ ವಿಳಂಬದಲ್ಲಿ ಅಂತರ ದೊಡ್ಡದಿದ್ದರೆ ಬೇಗ ಬಂದ ಪ್ಯಾಕೆಟ್‌ಗಳು ತಡವಾದವುಗಳಿಗಾಗಿ ಬಫರ್‌ನಲ್ಲೇ ಕಾಯುತ್ತವೆ.

ಕೆಲವು ಫೈರ್‌ವಾಲ್‌ಗಳು ಮಲ್ಟಿಪಾತ್‌ಗೆ ಮೀಸಲಾದ ಟಿಸಿಪಿಯ 30ನೇ ಆಪ್ಷನ್ ಅನ್ನು ಕಿತ್ತುಹಾಕುತ್ತವೆ; ಆಗ ಸಂಪರ್ಕ ಸದ್ದಿಲ್ಲದೆ ಸಾದಾ ಟಿಸಿಪಿಗೆ ಇಳಿಯುವುದರಿಂದ ನಷ್ಟವೇನೂ ಇಲ್ಲ. ವೈಫೈ ಒಮ್ಮೆಲೇ ಆರಿಹೋದರೆ ಟರ್ಮಿನಲ್‌ನಲ್ಲಿ ಕರ್ಸರ್ ಕ್ಷಣ ತಡೆದು ಮುಂದೆ ಹೋಗುತ್ತದೆ, ಅಷ್ಟೆ. ಆದರೆ ಸಿಗ್ನಲ್ ಸಾಯದೆ, ಬದುಕದೆ ತೂಗಾಡುತ್ತಿದ್ದರೆ ಕೆಲವು ಸೆಕೆಂಡು ಅಕ್ಷರಗಳೇ ಮೂಡುವುದಿಲ್ಲ. ಅಂಥ ಹೊತ್ತಿನಲ್ಲಿ ಇಂದಿಗೂ ನಾನು ಕೈಯಾರೆ ವೈಫೈ ಆರಿಸುತ್ತೇನೆ.