ನಾಟಕದ ಟಿಕೆಟ್ ತಗೊಳ್ಳುವ ಮುಂಚೆ ಇದನ್ನೊಮ್ಮೆ ಓದಿ, ನಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ

ಅಮೆರಿಕದಲ್ಲಿರುವ ಕನ್ನಡದವರೇ, ಅದರಲ್ಲೂ ಊರಿಂದ ಅಪ್ಪ ಅಮ್ಮ ಬಂದಾಗ ಏನಾದ್ರೂ ಒಳ್ಳೆಯದು ತೋರಿಸೋಣ ಅಂತ ಟಿಕೆಟ್ ಹುಡುಕುವವರೇ, ಗೂಗಲ್‌ನಲ್ಲಿ ನಾಟಕದ ಹೆಸರು ಹಾಕಿದಾಗ ಎಲ್ಲದಕ್ಕಿಂತ ಮೇಲೆ ಒಂದು ಲಿಂಕ್ ಬರುತ್ತಲ್ಲ, ಅದನ್ನು ಒತ್ತಬೇಡಿ. ದಯವಿಟ್ಟು ಒತ್ತಬೇಡಿ. ಅದು ಥಿಯೇಟರಿನವರದ್ದೇ ಆಗಿರಬೇಕೆಂದಿಲ್ಲ, ಹೆಚ್ಚು ಬೆಲೆಗೆ ಟಿಕೆಟ್ ಮಾರುವ ಬೇರೆ ಯಾರದ್ದೋ ಸೈಟ್ ಇರಬಹುದು. ನಾನು ಒತ್ತಿ ಕೆಟ್ಟೆ.

ನಮ್ಮ ಅಪ್ಪನಿಗೆ ಅಮೆರಿಕದ ಗಾಯಕ ಎಲ್ವಿಸ್ ಅಂದ್ರೆ ಪ್ರಾಣ. ರೇಡಿಯೋ ಸಿಲೋನ್ ಕಾಲದಲ್ಲಿ ಹಿಡಿದ ಹುಚ್ಚು, ಇನ್ನೂ ಬಿಟ್ಟಿಲ್ಲ. ಶಿಕಾಗೋ ಹತ್ತಿರದ ಒಂದು ಥಿಯೇಟರಿನಲ್ಲಿ ‘ಮಿಲಿಯನ್ ಡಾಲರ್ ಕ್ವಾರ್ಟೆಟ್’ ನಡೆಯುತ್ತಿದೆ ಅಂತ ಗೊತ್ತಾಯಿತು. 1956ರ ಡಿಸೆಂಬರ್ 4ರಂದು ಮೆಂಫಿಸ್‌ನ ಸನ್ ರೆಕಾರ್ಡ್ಸ್ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೀಸ್ಲಿ, ಜಾನಿ ಕ್ಯಾಶ್, ಕಾರ್ಲ್ ಪರ್ಕಿನ್ಸ್, ಜೆರ್ರಿ ಲೀ ಲೂಯಿಸ್, ಈ ನಾಲ್ವರು ಗಾಯಕರು ಒಟ್ಟಿಗೆ ಸೇರಿದ್ದರಲ್ಲ, ಆ ದಿನದ ಕಥೆ. ಇದರಲ್ಲಿ ಗಿಟಾರ್, ಪಿಯಾನೋ ಎಲ್ಲ ನಟರೇ ನುಡಿಸುತ್ತಾರೆ, ಸುಮ್ನೆ ತುಟಿ ಆಡಿಸುವುದಲ್ಲ. ಅವರ ಕೈ ಕಾಣದಿದ್ದರೆ ಅರ್ಧ ಮಜಾ ಹೋಯಿತು. ಅದಕ್ಕೇ ಕೆಳಗಡೆ ಮಧ್ಯದ ಸೀಟೇ ಬೇಕು ಅಂತ ಒಬ್ಬರಿಗೆ 138 ಡಾಲರ್ ಕೊಟ್ಟೆ. ಮೂವರಿಗೆ 414.

ಆ ಲಿಂಕಿನ ಪುಟದಲ್ಲಿ ಥಿಯೇಟರಿನ ಫೋಟೋ ಇತ್ತು, ವಿಳಾಸದಲ್ಲೂ ಥಿಯೇಟರಿನ ಹೆಸರಿತ್ತು. ಪಕ್ಕದಲ್ಲಿ ಗಡಿಯಾರ ಬೇರೆ ಓಡುತ್ತಿತ್ತು, ಬೇಗ ತಗೊಳ್ಳಿ, ಕೆಲವೇ ಸೀಟು ಉಳಿದಿವೆ ಅಂತ. ಫೀ ಎಲ್ಲ ಸೇರಿಸಿ ಒಟ್ಟು ಬೆಲೆ ಮೊದಲೇ ತೋರಿಸಬೇಕು ಅಂತ 2025ರ ಮೇ ತಿಂಗಳಿಂದ ಇಲ್ಲಿ ನಿಯಮ ಇದೆ, ಅದನ್ನೂ ಪಾಲಿಸಿದ್ದರು. ಎಷ್ಟು ಪ್ರಾಮಾಣಿಕರು ಅನ್ನಿಸಬೇಕು! ಆದರೆ ಥಿಯೇಟರಿನವರ ಬೆಲೆ ಎಷ್ಟು ಅಂತ ಮಾತ್ರ ಎಲ್ಲೂ ಇರಲಿಲ್ಲ.

ಬಾಗಿಲಲ್ಲಿ ಟಿಕೆಟ್ ಸ್ಕ್ಯಾನ್ ಮಾಡಿದ ಹುಡುಗ ಮೆಟ್ಟಿಲ ಕಡೆ ಕೈ ತೋರಿಸಿದ. ಬಾಲ್ಕನಿಯಂತೆ. ಕೌಂಟರಿಗೆ ಓಡಿದೆ. ಅಲ್ಲಿದ್ದಾಕೆ ನನ್ನ ಮೊಬೈಲ್ ನೋಡಿದ ತಕ್ಷಣ "ಅಯ್ಯೋ, ಇದು ನಮ್ಮ ಸೈಟ್ ಅಲ್ಲ" ಅಂದರು. ಆಮೇಲೆ ತಮ್ಮ ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಅದೇ ಸಂಜೆಯ ಆಟ, ಕೆಳಗಡೆ ಮಧ್ಯದಲ್ಲಿ ಸಾಲಾಗಿ ಸೀಟು ಖಾಲಿ, ಒಂದಕ್ಕೆ 52 ಡಾಲರ್. ಪಕ್ಕದಲ್ಲಿ ಅಪ್ಪ ಕನ್ನಡಕ ಸರಿಮಾಡಿಕೊಂಡು ಓದುತ್ತಿದ್ದರು. "ಐವತ್ತೆರಡಾ? ನೀನು ಎಷ್ಟು ಕೊಟ್ಟೆ?" ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೊಸದಾಗಿ ತಗೊಳ್ಳೋಣ ಬನ್ನಿ ಅಂದರೆ ಅವರು ಒಪ್ಪಲೇ ಇಲ್ಲ. "ಒಂದು ನಾಟಕಕ್ಕೆ ಯಾರಾದ್ರೂ ಎರಡು ಸಲ ದುಡ್ಡು ಕೊಡ್ತಾರೇನಮ್ಮ?"

ಬಾಲ್ಕನಿಯ ಮೂಲೆ. ಜೆರ್ರಿ ಲೀ ಪಾತ್ರದವನ ಬೆನ್ನು ಮಾತ್ರ ಕಾಣುತ್ತಿತ್ತು, ಪಿಯಾನೋ ಮೇಲೆ ಅವನು ಏನೇನು ಸರ್ಕಸ್ ಮಾಡಿದನೋ ಕೆಳಗಿನವರ ಚಪ್ಪಾಳೆಯಿಂದ ಊಹಿಸಬೇಕು. ಎಲ್ವಿಸ್ ಮೈಕಿನ ಹತ್ತಿರ ಬಂದಾಗಲೆಲ್ಲ ನೇತುಹಾಕಿದ ಸ್ಪೀಕರ್ ಅಡ್ಡ. ಅಪ್ಪನಿಗೆ ಕಂಡ ಎಲ್ವಿಸ್ ಬರೀ ಮಂಡಿಯಿಂದ ಕೆಳಗೆ. ಮಧ್ಯೆ ಇಂಟರ್‌ವಲ್ ಕೂಡ ಇರಲಿಲ್ಲ, ಇದ್ದಿದ್ದರೆ ಎದ್ದು ಜಾಗವಾದ್ರೂ ಬದಲಾಯಿಸಬಹುದಿತ್ತು. ಬೇರೆ ಕಂಪನಿಗೆ ಸಹಿ ಹಾಕಿದ್ದೇನೆ ಅಂತ ಸನ್ ರೆಕಾರ್ಡ್ಸ್ ಮಾಲೀಕ ಸ್ಯಾಮ್ ಫಿಲಿಪ್ಸ್‌ಗೆ ಹೇಳಲಾರದೆ ಜಾನಿ ಕ್ಯಾಶ್ ವೇದಿಕೆ ಮೇಲೆ ಒದ್ದಾಡುತ್ತಿದ್ದರೆ, ನಾನು ಸಿಟ್ಟಿನಲ್ಲಿ ಅದರ ಕಡೆ ಗಮನವನ್ನೇ ಕೊಡಲಿಲ್ಲ. ಹಾಡುಗಳು ಚೆನ್ನಾಗಿದ್ದವು, ಅದು ಬೇರೆ ಮಾತು. ಆ ನಟರದ್ದೇನೂ ತಪ್ಪಿಲ್ಲ.

ಮನೆಗೆ ಬಂದು ಆ ಸೈಟಿನವರ ಜೊತೆ ಚಾಟ್‌ಗೆ ಕೂತೆ. ಮೊದಲ ಉತ್ತರ, "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ." ಎರಡನೆಯದು, "ನೀವು ಕೇಳಿದ ಸೀಟು ಸಿಗದಿದ್ದರೆ ಅದಕ್ಕೆ ಸಮನಾದ ಅಥವಾ ಉತ್ತಮ ಸೀಟು ಕೊಡುತ್ತೇವೆಂದು ಷರತ್ತಿನಲ್ಲಿದೆ." ಬಾಲ್ಕನಿ ಮೂಲೆ ಯಾವ ಲೆಕ್ಕದಲ್ಲಿ ಸಮ ಅಂತ ಕೇಳಿದ್ದಕ್ಕೆ, "ಎತ್ತರದಿಂದ ಇಡೀ ವೇದಿಕೆ ಕಾಣುವುದನ್ನು ಹಲವು ಗ್ರಾಹಕರು ಇಷ್ಟಪಡುತ್ತಾರೆ" ಅಂತೆ! ಇಡೀ ವೇದಿಕೆಯಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನೀವು ಥಿಯೇಟರಿನವರಲ್ಲ ಅಂತ ಯಾಕೆ ಹೇಳಲಿಲ್ಲ ಅಂದೆ. ಪುಟದ ತಳದಲ್ಲಿ ಬರೆದಿದೆಯಂತೆ. ಹೋಗಿ ನೋಡಿದೆ, ಹೌದು, ಇದೆ, ಬಿಳಿ ಪುಟದ ಮೇಲೆ ತೆಳು ಬೂದು ಬಣ್ಣದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕೊನೆಗೆ ಮುಂದಿನ ಬುಕಿಂಗ್‌ಗೆ ಹತ್ತು ಪರ್ಸೆಂಟ್ ಕೂಪನ್ ಕಳಿಸಿದರು. ಮುಂದಿನ ಬುಕಿಂಗ್ ಅಂತೆ, ನಾಚಿಕೆ ಇಲ್ಲದವರು.

ಥಿಯೇಟರಿಗೆ ಫೋನ್ ಮಾಡಿ, ಅವರ ಸೈಟಿನ ವಿಳಾಸವನ್ನು ಅವರ ಬಾಯಿಂದಲೇ ಕೇಳಿ. ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ, ತಗಾದೆ ತೆಗೆಯಲು ದಾರಿ ಇರುತ್ತದೆ. ಗಡಿಯಾರ ಓಡುತ್ತಿದ್ದರೆ ಪುಟ ಮುಚ್ಚಿಬಿಡಿ. ಮಧ್ಯದ ಸೀಟು ಅಂತ ಬರೆದಿದ್ದ ಆ ಸೈಟಿನವರ ಇಮೇಲ್, ಚಾಟಿನ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಅಪ್ಪ ಮಾತ್ರ ಊರಿಂದ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ, "ಆ ದುಡ್ಡು ಏನಾಯ್ತಮ್ಮ?"