ಪೋರ್ಚುಗಲ್ ವೈನ್ ಟೂರ್: ವ್ಯಾನ್ ಬಿಡಿ, ರೈಲು ಹತ್ತಿ

ಪೋರ್ಟೊ ನಗರದಿಂದ ದ್ರಾಕ್ಷಿ ತೋಟಗಳ ಡೋರೊ ಕಣಿವೆಗೆ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರುವ ವ್ಯಾನ್ ಟೂರ್ ಬುಕ್ ಮಾಡೋಣ ಅಂತ ಯೋಚಿಸುತ್ತಿದ್ದರೆ, ಮಾಡಬೇಡಿ. ಅದಕ್ಕೆ ಇನ್ನೂ ಸ್ವಲ್ಪ ದುಡ್ಡು ಸೇರಿಸಿದರೆ ರೈಲಲ್ಲಿ ಹೋಗಿ ಒಂದು ರಾತ್ರಿ ಅಲ್ಲೇ ತೋಟದಲ್ಲಿ ಉಳಿಯಬಹುದು. ನಾವು ಎರಡನ್ನೂ ನೋಡಿದೆವು, ಆಮೇಲೆ ದಕ್ಷಿಣಕ್ಕೆ ಅಲೆಂಟೆಜೊ ಕಡೆಗೂ ಹೋದೆವು. ನಮ್ಮ ಕಡೆಯಿಂದ ಯಾರಾದರೂ ಹೊರಟಿದ್ದರೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಾವು ಯಾರು ಅಂತ ಹೇಳಿಬಿಡುತ್ತೇನೆ, ಏಕೆಂದರೆ ಯಾರ ಬಾಯಿಗೆ ಯಾವುದು ರುಚಿ ಅನ್ನೋದು ಅದರ ಮೇಲೇ ಇರುತ್ತದೆ. ನನ್ನ ಗಂಡನ ಮನೆ ಕಲಬುರಗಿ, ತವರು ಇಂಡಿ ಕಡೆ. ಅಣ್ಣ ದ್ರಾಕ್ಷಿ ಬೆಳೆಯುತ್ತಾನೆ, ಹಣ್ಣೆಲ್ಲ ಒಣದ್ರಾಕ್ಷಿಗೆ ಹೋಗುತ್ತದೆ. ನಮ್ಮವರು, ಅಂದರೆ ಗಂಡ, ಒಂದು ಹನಿಯೂ ಕುಡಿಯುವುದಿಲ್ಲ. ನಾನು ಕುಡಿಯುತ್ತೇನೆ, ಅತ್ತೆಗೆ ಗೊತ್ತಿಲ್ಲ, ಹಾಗಾಗಿ ಹೆಸರು ಕೇಳಬೇಡಿ. ಹೊರಟದ್ದು ನಾನು, ನಮ್ಮವರು, ಅಣ್ಣ, ಮೂವರೂ ಶುದ್ಧ ಸಸ್ಯಾಹಾರಿಗಳು. ಹೈದರಾಬಾದಿಗೆ ರೈಲು, ಅಲ್ಲಿಂದ ದುಬೈ ಮೇಲೆ ಲಿಸ್ಬನ್.

ವ್ಯಾನ್ ಟೂರ್ ತಲೆಗೆ ನೂರು ಯುರೋ ಹತ್ತಿರ ಬಿತ್ತು. ಕಂಪನಿ ಹೆಸರು ಬರೆಯಲ್ಲ, ಅಂಥವು ಅಲ್ಲಿ ಬೀದಿಗೊಂದಿವೆ. ಕಾಗದದ ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ ಪರಿಸರಸ್ನೇಹಿ ಪ್ರವಾಸ ಅಂತ ದಪ್ಪಕ್ಷರ. ಒಳಗೆ ಕೂತ ಕೂಡಲೇ ಎಲ್ಲರ ಕೈಗೂ ಪ್ಲಾಸ್ಟಿಕ್ ಬಾಟಲಿ ನೀರು ಬಂತು. ಆ ದೇಶದಲ್ಲಿ ನಲ್ಲಿ ನೀರೇ ಕುಡಿಯಬಹುದು! ಪ್ರತಿ ತೋಟದ ಮುಂದೆ ನಾವು ಇಳಿದು ವಾಪಸ್ ಬರುವವರೆಗೆ ಎಂಜಿನ್ ಬಂದ್ ಮಾಡಲಿಲ್ಲ, ಏಸಿ ತಣ್ಣಗಿರಬೇಕಲ್ಲ. ತೋಟ ಅಂದರೂ ತೋಟದೊಳಗೆ ಕಾಲಿಡಲೇ ಇಲ್ಲ, ನೇರ ಕೌಂಟರಿಗೆ ಕರಕೊಂಡು ಹೋಗಿ ಸಾಲಾಗಿ ಗ್ಲಾಸ್ ಇಟ್ಟು, ಮುಗಿದ ಮೇಲೆ ಅಂಗಡಿಗೆ ಬಿಟ್ಟರು. ಅಣ್ಣ ಸುಮ್ನೆ ಇರುವವನಲ್ಲ. ಸಾಲಿನ ನಡುವೆ ಕಳೆನಾಶಕ ಹೊಡೆಯುತ್ತಾರಾ, ಕೇಳು ಅಂದ. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಗೈಡ್ ಹುಡುಗ ನಕ್ಕು ಬೋರ್ಡಿನ ಮೇಲಿನ ಎಲೆ ತೋರಿಸಿದ. ಒಳ್ಳೆ ಹುಡುಗನೇ, ಅವನಿಗೂ ಗೊತ್ತಿರಲಿಲ್ಲ ಅಷ್ಟೇ. ಊಟಕ್ಕೆ ನಮಗೆ ಸಿಕ್ಕಿದ್ದು ಆಲೂ ಚಿಪ್ಸ್ ಮತ್ತು ಎಲೆಕೋಸು. ಐದಕ್ಕೆ ಒಂದೂವರೆ ಅಂಕ, ಅದೂ ಕಿಟಕಿಯಿಂದ ಕಂಡ ನೋಟಕ್ಕೆ.

ಈಗ ರೈಲು. ಪೋರ್ಟೊದಿಂದ ಪಿನ್ಯಾವ್ ಅನ್ನುವ ಸಣ್ಣ ಊರಿಗೆ ಸುಮಾರು ಎರಡೂವರೆ ಗಂಟೆ, ಟಿಕೆಟ್ 12-13 ಯುರೋ ಆಸುಪಾಸು. ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಮೊದಲು ಬರೀ ಊರು, ಮನೆ, ಜೋಳದ ಹೊಲ, ಏನಪ್ಪಾ ಇದು ಅನಿಸುತ್ತದೆ. ಆಮೇಲೆ ಒಮ್ಮೆಗೇ ಹಳಿ ನದಿ ದಂಡೆಗೆ ಇಳಿಯುತ್ತದೆ, ಅಲ್ಲಿಂದ ಪಿನ್ಯಾವ್ ತನಕ ನೀರು ಪಕ್ಕದಲ್ಲೇ ಹರಿಯುತ್ತದೆ, ಎದುರಿನ ಗುಡ್ಡದಲ್ಲಿ ಬುಡದಿಂದ ತುದಿವರೆಗೂ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ. ಪಿನ್ಯಾವ್ ಸ್ಟೇಷನ್ ಗೋಡೆಗೆ ನೀಲಿ ಟೈಲ್ಸಿನಲ್ಲಿ 24 ಚಿತ್ರಗಳಿವೆ. ಹಣ್ಣು ಕೀಳುವುದು, ಬುಟ್ಟಿ ಹೊರುವುದು, ಪೀಪಾಯಿ ಹೇರಿಕೊಂಡ ದೋಣಿ ನದಿಯಲ್ಲಿ ಇಳಿಯುವುದು, ಎಲ್ಲ ಇದೆ. ಆ ದೋಣಿಗಳಿಗೆ ರಬೆಲೊ ಅನ್ನುತ್ತಾರೆ. ನದಿಗೆ ಅಣೆಕಟ್ಟು ಬಂದ ಮೇಲೆ ಅವುಗಳ ಕೆಲಸ ಮುಗಿಯಿತು, ಈಗ ಫೋಟೋಗೆ ನಿಂತಿವೆ.

ನಾವು ಉಳಿದದ್ದು ಊರಿನ ಮೇಲಿನ ಒಂದು ಸಣ್ಣ ಕಿಂತಾದಲ್ಲಿ. ಕಿಂತಾ ಅಂದರೆ ತೋಟ, ಮನೆ, ವೈನ್ ಮಾಡುವ ಜಾಗ ಮೂರೂ ಸೇರಿದ್ದು. ನಡೆಸುವವರು ತಾಯಿ ಮಗಳು. ಟೇಸ್ಟಿಂಗ್ ಬಗ್ಗೆ ಕೊನೆಗೆ ಮಾತಾಡೋಣ, ಮೊದಲು ಹೊಲ ನೋಡಿ ಬನ್ನಿ ಅಂತ ತಾಯಿ ಮುಂದೆ ನಡೆದರು. ನನಗೆ ದುಡ್ಡು ಅಲ್ಲಿಗೇ ವಸೂಲಾಯಿತು.

ಅಲ್ಲಿ ಮಣ್ಣು ಅನ್ನೋದೇ ಇಲ್ಲ, ಬರೀ ಕಲ್ಲು. ಶಿಸ್ಟ್ ಅನ್ನುತ್ತಾರೆ. ನೆಲಕ್ಕೆ ಹಾಸುವ ನಮ್ಮ ಶಹಾಬಾದ್ ಫರ್ಸಿ ಕಲ್ಲಿನ ಹಾಗೆ ಪದರ ಪದರ, ಆದರೆ ಫರ್ಸಿ ಮಲಗಿರುತ್ತದೆ, ಇದು ಎದ್ದು ನಿಂತಿರುತ್ತದೆ. ಹಾಗಾಗಿ ಬೇರು ಸಂದಿಯಲ್ಲಿ ಸೀದಾ ಕೆಳಗೆ ಇಳಿಯುತ್ತದೆ, ಚಳಿಗಾಲದ ಮಳೆ ನೀರೂ ಅದೇ ಸಂದಿಯಲ್ಲಿ ಇಳಿದಿರುತ್ತದೆ. ರಸ್ತೆಗೆ ಕಡಿದ ಒಂದು ಕಡೆ ಅಣ್ಣ ಕೂತು ಒಂದು ಚೂರು ಕಿತ್ತ, ಕೈಯಲ್ಲೇ ಪುಸ್ತಕದ ಪುಟದಷ್ಟು ತೆಳ್ಳಗೆ ಬಿಚ್ಚಿಕೊಂಡಿತು, ಎರಡು ಪದರದ ನಡುವೆ ದಾರದಂಥ ಬೇರು ಒತ್ತಿ ಚಪ್ಪಟೆಯಾಗಿತ್ತು. ಅವನು ಅದನ್ನು ಬಹಳ ಹೊತ್ತು ಕೆಳಗಿಡಲಿಲ್ಲ. ಕಣಿವೆಯ ಮೇಲ್ಭಾಗದಲ್ಲಿ, ಸ್ಪೇನ್ ಗಡಿ ಕಡೆ, ಕಲಬುರಗಿಗಿಂತ ಕಡಿಮೆ ಮಳೆ ಬೀಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಅಂತ ಅವರಲ್ಲೊಂದು ಗಾದೆ. ನಾವು ಮೇ ತಿಂಗಳಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ನಿಂತವರು, ಆ ನರಕ ನಮಗೇನು ಹೊಸದಲ್ಲ.

ಹಳೆ ಬಳ್ಳಿಗಳಿಗೆ ಡ್ರಿಪ್ ಇಲ್ಲ. ಇದನ್ನು ಅಣ್ಣ ಮೊದಲು ನಂಬಲಿಲ್ಲ. ನಮ್ಮ ಕಡೆ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ಮಾಡುತ್ತಾರೆ, ಏಪ್ರಿಲ್ ಒಂದು, ಅಕ್ಟೋಬರ್ ಒಂದು, ಬೆಳೆ ಮಾತ್ರ ಒಂದೇ. ಅವರದು ಚಳಿಗಾಲದಲ್ಲಿ ಒಂದೇ ಚಾಟ್ನಿ, ಎಲೆ ಉದುರಿಸಿ ಬಳ್ಳಿ ತಾನಾಗಿ ಮಲಗುತ್ತದೆ. "ತಂಗಿ, ಇಲ್ಲಿ ಬಳ್ಳಿ ನಿದ್ದಿ ಮಾಡ್ತದ. ನಮ್ಮಲ್ಲಿ ನಾವೂ ಮಾಡಂಗಿಲ್ಲ, ಬಳ್ಳಿಗೂ ಮಾಡಗೊಡಂಗಿಲ್ಲ" ಅಂದ. ಬೇರಿನ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. 1860ರ ದಶಕದಲ್ಲಿ ಫಿಲಾಕ್ಸೆರಾ ಅನ್ನುವ ಹುಳ ಬೇರು ತಿಂದು ಕಣಿವೆಯನ್ನೇ ಹಾಳು ಮಾಡಿತು, ಆಮೇಲೆ ಅಮೆರಿಕದ ಬೇರಿಗೆ ತಮ್ಮ ತಳಿ ಕಸಿ ಕಟ್ಟಿದರು. ಅಣ್ಣನ ತೋಟದ ಡಾಗ್ರಿಡ್ಜ್ ಬೇರೂ ಅಮೆರಿಕದ್ದೇ. ಆಗ ಬಿಟ್ಟುಹೋದ ಮೆಟ್ಟಿಲುಗಳು ಇನ್ನೂ ಹಾಗೇ ಇವೆ, ಕೆಲವು ಕಡೆ ಆಲಿವ್ ಹಾಕಿದ್ದಾರೆ, ಉಳಿದದ್ದು ಪೊದೆ.

ಕಳೆನಾಶಕದ ಪ್ರಶ್ನೆಗೆ ಇಲ್ಲಿ ಸರಿಯಾದ ಉತ್ತರ ಸಿಕ್ಕಿತು. ಹಳೆ ಮೆಟ್ಟಿಲಿಗೆ ಸಿಮೆಂಟಿಲ್ಲದ ಕಲ್ಲಿನ ಗೋಡೆ, ಅದು ನೀರು ಬಿಟ್ಟು ಮಣ್ಣು ಹಿಡಿಯುತ್ತದೆ. 1970ರ ನಂತರ ಟ್ರ್ಯಾಕ್ಟರ್ ಹೋಗಲಿ ಅಂತ ಬುಲ್ಡೋಜರ್ ತಂದು ಗೋಡೆ ಇಲ್ಲದ ಮಣ್ಣಿನ ಬದು ಮಾಡಿದರು. ಆ ಬದುವಿನ ಮೇಲೆ ಕಳೆನಾಶಕ ಹೊಡೆದು ಹುಲ್ಲು ಸುಟ್ಟರೆ ಮೊದಲ ದೊಡ್ಡ ಮಳೆಗೆ ಮಣ್ಣು ನದಿ ಸೇರುತ್ತದೆ. ಅದಕ್ಕೆ ಇವರು ಹುಲ್ಲು, ಕ್ಲೋವರ್ ಬಿತ್ತಿ ಬೆಳೆಸಿ, ಕತ್ತರಿಸಿ ಅಲ್ಲೇ ಬಿಡುತ್ತಾರೆ. "ಗೋಡೆ ಕಟ್ಟಲು ಈಗ ಕೂಲಿ ಸಿಗಲ್ಲ, ಸಿಕ್ಕರೂ ಕೊಡೋಕೆ ನಮಗಾಗಲ್ಲ" ಅಂತ ತಾಯಿ ಮುಚ್ಚುಮರೆ ಇಲ್ಲದೆ ಹೇಳಿದರು. 2001ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಈ ಗೋಡೆಗಳಿಂದಲೇ, ಬಿದ್ದ ಗೋಡೆ ಎತ್ತುವುದು ಮಾತ್ರ ಮನೆಯವರ ಪಾಲಿಗೆ. ಬೀದರ್ ಕೋಟೆ ಪಕ್ಕ ಮನೆ ಇರುವವರಿಗೆ ಈ ಮಾತು ಬೇಗ ಅರ್ಥವಾದೀತು.

ಆಮೇಲೆ ಕುಡಿದದ್ದು. ತೂರಿಗಾ ನಾಸಿಯೊನಾಲ್ ಅನ್ನೋ ತಳಿಯ ಕೆಂಪು ವೈನ್ ನನಗೆ ಸ್ವಲ್ಪ ಬಿಗಿ ಅನಿಸಿತು, ಹಳೆ ಬಳ್ಳಿಯ ಮಿಶ್ರ ವೈನ್ ಬಹಳ ಇಷ್ಟವಾಯಿತು. ಒಂದೇ ಹೊಲದಲ್ಲಿ ಹತ್ತಾರು ತಳಿ ಕಲಸಿ ನೆಟ್ಟಿರುತ್ತಾರೆ, ಒಟ್ಟಿಗೇ ಕಿತ್ತು ಒಟ್ಟಿಗೇ ತುಳಿಯುತ್ತಾರೆ. ಈ ಕಣಿವೆಯ ಪೋರ್ಟ್ ವೈನ್ ಅಂದರೆ ರಸ ಹುಳಿಯುತ್ತಿರುವಾಗಲೇ, ಸಕ್ಕರೆ ಇನ್ನೂ ಉಳಿದಿರುವಾಗ, ನೂರಕ್ಕೆ 77 ಪಾಲು ಆಲ್ಕೋಹಾಲ್ ಇರುವ ದ್ರಾಕ್ಷಿ ಮದ್ಯ ಸುರಿದು ಹುಳಿಯುವುದನ್ನು ನಿಲ್ಲಿಸುವುದು. ಅದಕ್ಕೇ ಅದು ಸಿಹಿ, ಅದಕ್ಕೇ ಅದು ತಲೆಗೆ ಬೇಗ ಹತ್ತುತ್ತದೆ. ಗೋವಾದಲ್ಲಿ ಅಗ್ಗಕ್ಕೆ ಸಿಗುವ ಪೋರ್ಟ್ ಕುಡಿದು ಮುಖ ಹಿಂಡಿದವರು ಅದೇ ಲೆಕ್ಕದಲ್ಲಿ ಇದನ್ನು ಬಿಡಬೇಡಿ. ಮರದ ಪೀಪಾಯಿಯಲ್ಲಿ ಹಳೆಯದಾಗಿಸಿದ ಪೋರ್ಟಿಗೆ ಟಾನಿ ಅನ್ನುತ್ತಾರೆ, 20 ವರ್ಷದ ಟಾನಿ ಒಂದು ಗುಟುಕು ಸಾಕು. ನಮ್ಮವರಿಗೆ ಮನೆಯಲ್ಲೇ ಹಿಂಡಿದ ದ್ರಾಕ್ಷಿ ರಸ ಕೊಟ್ಟರು, ಸುಮ್ನೆ ಕೂರಿಸಲಿಲ್ಲ. ಐದಕ್ಕೆ ಐದು.

ಪೋರ್ಟೊ ಎದುರು, ನದಿಯಾಚೆ ಇರುವ ಗಾಯಾ ಊರಿನ ಪೋರ್ಟ್ ನೆಲಮಾಳಿಗೆಗಳಿಗೂ ಹೋದೆವು. ಕಣಿವೆ ಬಿಸಿ, ಸಮುದ್ರದ ಪಕ್ಕ ತಂಪು, ಅದಕ್ಕೆ ಪೀಪಾಯಿಗಳನ್ನು ಇಲ್ಲಿ ತಂದು ಇಡುವ ರೂಢಿ. 1986ರವರೆಗೆ ಪೋರ್ಟ್ ರಫ್ತು ಮಾಡಬೇಕಾದರೆ ಗಾಯಾ ಮೇಲೇ ಹೋಗಬೇಕೆಂದು ಕಾನೂನಿತ್ತು. ಒಂದು ನೋಡಿದರೆ ಸಾಕು, ಎರಡನೆಯದು ಅದೇ ಕಥೆ, ಬೇರೆ ಬಣ್ಣದ ಬೋರ್ಡು.

ಅಲೆಂಟೆಜೊಗೆ ಎವೊರಾವರೆಗೆ ರೈಲಿದೆ, ಮುಂದೆ ಕಾರು ಬೇಕೇ ಬೇಕು. ಕುಡಿಯದ ಗಂಡ ಇದ್ದದ್ದು ಇಲ್ಲಿ ವರ ಆಯಿತು. ದೂರದವರೆಗೆ ಬಯಲು, ಅಲ್ಲಲ್ಲಿ ಕಾರ್ಕ್ ಓಕ್ ಮರ, ಕೆಳಗೆ ಕುರಿ, ಹಂದಿ. ಬಾಟಲಿಯ ಬಿರಡೆ ಈ ಮರದ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದೇ. ಮರಕ್ಕೆ 25 ವರ್ಷ ಆಗುವ ತನಕ ಮುಟ್ಟುವುದಿಲ್ಲ, ಆಮೇಲೆ 9 ವರ್ಷಕ್ಕೊಮ್ಮೆ ಕೊಡಲಿಯಲ್ಲಿ ತೊಗಟೆ ಮಾತ್ರ ಬಿಡಿಸುತ್ತಾರೆ, ಮರಕ್ಕೆ ಏನೂ ಆಗಲ್ಲ. ಬಿರಡೆಗೆ ಆಗುವಂಥ ತೊಗಟೆ ಮೂರನೇ ಸಲಕ್ಕೆ ಬರುತ್ತದೆ, ಅಂದರೆ ಅಜ್ಜ ನೆಟ್ಟದ್ದು ಮೊಮ್ಮಗನಿಗೆ. ಹೊಸದಾಗಿ ಬಿಡಿಸಿದ ಕಾಂಡ ಕೆಂಪಗೆ, ಮುಟ್ಟಿದರೆ ನುಣ್ಣಗೆ ತಣ್ಣಗಿತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕೆ ಬರೆದಿರುತ್ತಾರೆ. 3 ಅಂತಿದ್ದರೆ 2023ರಲ್ಲಿ ಬಿಡಿಸಿದ್ದು, ಇನ್ನು 2032ಕ್ಕೇ ಸರದಿ. ಅಪ್ಪಣೆ ಇಲ್ಲದೆ ಈ ಮರ ಕಡಿಯುವ ಹಾಗಿಲ್ಲ. ಆದರೂ ಕಾರ್ಕಿಗೆ ಬೇಡಿಕೆ ಇಲ್ಲದಿದ್ದರೆ ಈ ಕಾಡು ಯಾರಿಗೆ ಬೇಕು? ಎರಡು ಬಾಟಲಿ ಮುಂದಿದ್ದರೆ ಪ್ಲಾಸ್ಟಿಕ್ ಬಿರಡೆ ಬಿಟ್ಟು ಕಾರ್ಕಿನದು ತಗೊಳ್ಳಿ, ಇಷ್ಟು ನಾವು ಮಾಡಬಹುದು.

ವಿಲಾ ದ ಫ್ರಾದೆಸ್ ಅನ್ನುವ ಹಳ್ಳಿಗೆ ಹೋದದ್ದು ತಾಲ್ಯಾ ವೈನಿಗೆ. ತಾಲ್ಯಾ ಅಂದರೆ ಆಳೆತ್ತರದ ಮಣ್ಣಿನ ಗುಡಾಣ, ಒಳಗೆ ಪೈನ್ ಮರದ ರಾಳ ಬಳಿದಿರುತ್ತದೆ. ರೋಮನ್ನರ ಕಾಲದಿಂದ ನಡೆದು ಬಂದ ಪದ್ಧತಿ. ಜಜ್ಜಿದ ಹಣ್ಣನ್ನು ಸಿಪ್ಪೆ ಸಮೇತ ತುಂಬುತ್ತಾರೆ, ಮೇಲೆ ಎದ್ದು ಬರುವ ಸಿಪ್ಪೆಯನ್ನು ದಿನವೂ ಕೋಲಿನಿಂದ ಒತ್ತಬೇಕು, ಇಲ್ಲದಿದ್ದರೆ ಒಳಗಿನ ಗಾಳಿಗೆ ಗುಡಾಣವೇ ಒಡೆಯುತ್ತದೆ. ನೆಲ ನಡುವಿಗೆ ಇಳಿಜಾರು, ನಡುವೆ ಒಂದು ಗುಂಡಿ. ಒಡೆದರೂ ವೈನ್ ಅಲ್ಲಿ ಬಂದು ನಿಲ್ಲಲಿ ಅಂತ! ನವೆಂಬರ್ 11, ಸಾವ್ ಮಾರ್ತಿನ್ಯು ಹಬ್ಬದ ದಿನ ಕೆಳಗಿನ ತೂತು ಬಿಚ್ಚುತ್ತಾರೆ. ಸಿಪ್ಪೆಯ ಮೂಲಕವೇ ಸೋಸಿ ಬರುತ್ತದೆ, ಹೂಜಿಗೆ ಹಿಡಿದು ಟೇಬಲ್ಲಿಗೆ ತರುತ್ತಾರೆ. ಸ್ವಲ್ಪ ಮಬ್ಬು, ಸ್ವಲ್ಪ ಒಗರು, ರಾಳದ ವಾಸನೆ. ಎಲ್ಲರಿಗೂ ಹಿಡಿಸಲ್ಲ, ನನಗೆ ಎರಡನೇ ಗ್ಲಾಸಿನಿಂದ ಹಿಡಿಸಿತು. ವೈನಿನಿಂದ ಗಾಳಿಗೆ ಸೇರುವ ಇಂಗಾಲದ ಹೊಗೆಯ ಲೆಕ್ಕದಲ್ಲಿ ಗಾಜಿನ ಬಾಟಲಿಯದೇ ದೊಡ್ಡ ಪಾಲು, ಅದರಲ್ಲೂ ಸುಮ್ನೆ ಜಂಬಕ್ಕೆ ಮಾಡುವ ದಪ್ಪ ಬಾಟಲಿ. ಇಲ್ಲಿ ಬಾಟಲಿಯೇ ಇಲ್ಲ, ಮಾಡಿದಲ್ಲೇ ಕುಡಿದು ಮುಗಿಸುತ್ತಾರೆ. ಎಲೆಯ ಚಿತ್ರ ಎಲ್ಲೂ ಕಾಣಲಿಲ್ಲ. ಹೌದು, ನಾವು ವಿಮಾನದಲ್ಲಿ ಸುಟ್ಟ ಎಣ್ಣೆಯ ಮುಂದೆ ಇದೆಲ್ಲ ಏನೂ ಅಲ್ಲ ಅಂತ ನಮ್ಮವರು ದಾರಿಯುದ್ದಕ್ಕೂ ಹೇಳುತ್ತಿದ್ದರು, ಅದೂ ಸರಿ. ಅದಕ್ಕೇ ಹೋದರೆ ಒಂದೇ ಸಲ ಹೋಗಿ, ಜಾಸ್ತಿ ದಿನ ಇದ್ದು ಬನ್ನಿ ಅನ್ನುವುದು.

ಒಂದು ವಿಷಯ ಯಾವ ಟೂರೂ ತೋರಿಸಲ್ಲ. ಅಲೆಂಟೆಜೊ ಹೊಲಗಳಲ್ಲಿ ದುಡಿಯುವವರಲ್ಲಿ ಬಹಳ ಜನ ನೇಪಾಳ, ಬಾಂಗ್ಲಾದೇಶ, ನಮ್ಮ ಪಂಜಾಬಿನವರು. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗ ಹಿಂದಿಯಲ್ಲಿ ಮಾತಾಡಿಸಿದ, ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಅಂತ ಹೇಳಿದ. ಯಾದಗಿರಿ ಕಡೆಯಿಂದ ಮುಂಬೈ, ಹೈದರಾಬಾದಿಗೆ ಗುಳೆ ಹೋಗುವವರನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. 2015ರಿಂದ ಅಲೆಂಟೆಜೊದಲ್ಲಿ ವೈನ್ ಮಾಡುವವರದೇ ಒಂದು ಸುಸ್ಥಿರತಾ ಕಾರ್ಯಕ್ರಮ ನಡೆಯುತ್ತಿದೆ, ನೀರು, ಮಣ್ಣು, ಕರೆಂಟು ಎಲ್ಲ ನೋಡುತ್ತಾರೆ, ಒಳ್ಳೆಯದೇ. ನೀವು ಹೋದ ಕಡೆ ಹಣ್ಣು ಕೀಳುವವರು ಎಲ್ಲಿ ಇರುತ್ತಾರೆ ಅಂತಲೂ ಒಂದು ಮಾತು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಊಟದ ಬಗ್ಗೆ: ಮೀನು, ಹಂದಿ ಇಲ್ಲದ ಹೋಟೆಲ್ ಸಿಗೋದು ಕಷ್ಟ. ಸೊಪ್ಪಿನ ಸೂಪ್ ಅಂತ ಕಾಲ್ದೊ ವೆರ್ದೆ ಕೇಳಿದರೆ ಅದರಲ್ಲೂ ಸಾಸೇಜ್ ಚೂರು ತೇಲುತ್ತಿರುತ್ತದೆ, ಬೇಡ ಅಂತ ಮೊದಲೇ ಹೇಳಿ. ಅಲೆಂಟೆಜೊದ ಅಸೊರ್ದಾ ಅಂದರೆ ಬ್ರೆಡ್, ಬೆಳ್ಳುಳ್ಳಿ, ಕೊತ್ತಂಬರಿ, ಆಲಿವ್ ಎಣ್ಣೆಗೆ ಬಿಸಿ ನೀರು ಸುರಿದದ್ದು, ಮೊಟ್ಟೆ ಮತ್ತು ಮೀನಿನ ಸಾರು ಬೇಡ ಅಂದರೆ ನಮಗೆ ಸರಿಹೋಗುತ್ತದೆ. ಕೊತ್ತಂಬರಿ ಕಂಡು ನಮ್ಮವರ ಮುಖ ಅರಳಿತು. ಸೆರ್ಪಾ ಕಡೆಯ ಚೀಸ್ ಧೈರ್ಯವಾಗಿ ತಿನ್ನಿ, ಹಾಲು ಒಡೆಯುವುದಕ್ಕೆ ಕರುವಿನ ಹೊಟ್ಟೆಯದಲ್ಲ, ಒಂದು ಮುಳ್ಳುಗಿಡದ ಹೂವು ಹಾಕುತ್ತಾರೆ. ವೈನ್ ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ ಹಾಕುತ್ತಾರೆ, ಕಟ್ಟುನಿಟ್ಟಿನವರು ಕೇಳಿಯೇ ಕುಡಿಯಿರಿ.

ವಾಪಸ್ ಬರುವಾಗ ತಲೆಗೆ 2 ಲೀಟರ್ ಸುಂಕವಿಲ್ಲದೆ ತರಬಹುದು, ಅಂದರೆ ಮಾಮೂಲಿ ಬಾಟಲಿ ಎರಡು. ತೆಳು ಗಾಜಿನದನ್ನು ಆರಿಸಿ, ಬಟ್ಟೆಯ ನಡುವೆ ಇಡಿ. ಟಾನಿ ತಂದರೆ ಒಳ್ಳೆಯದು, ತೆರೆದ ಮೇಲೂ ಫ್ರಿಜ್ಜಿನಲ್ಲಿ ಕೆಲವು ವಾರ ಕೆಡುವುದಿಲ್ಲ. ಸೆಪ್ಟೆಂಬರಿನಲ್ಲಿ ಕೊಯ್ಲು, ನೋಡೋಕೆ ಚೆಂದ, ಆದರೆ ಸಣ್ಣ ಕಿಂತಾದವರಿಗೆ ಮಾತಾಡಲು ಪುರುಸೊತ್ತಿರಲ್ಲ. ಅಣ್ಣನಿಗೆ ಚಾಟ್ನಿ ನೋಡಬೇಕಂತೆ, ಅವನನ್ನು ಕೇಳಿದರೆ ಜನವರಿಯಲ್ಲಿ ಹೋಗಿ ಅನ್ನುತ್ತಾನೆ, ಆಗ ರೂಮೂ ಅಗ್ಗ.